ಹರಗೋಲಿನ ಮಲಕಪ್ಪ ಸಮುದ್ರ ಕಂಡದ್ದು

ಮಲಕಪ್ಪನನ್ನು ಸೀರೆಯಂತೆ ಗಾದಿಯ ಮೇಲೆ ಬಿಡಿಸಿ ಹಾಕಿ ಬೆಲೆ ಕಟ್ಟಿದರೆ, ನೋಟಕ್ಕೆ ಸಾಧಾರಣ ಮಾಲು. ಉದ್ದ ನಾಲ್ಕು ಬೆರಳು ಕಡಿಮೆ, ಬಣ್ಣ ಬಿಸಿಲಿಗೆ ಹೋದದ್ದು, ಎಡಗಿವಿಯ ಅಂಚು ಹರಿದದ್ದು. ನೇಯ್ಗೆ ಮಾತ್ರ ಗಟ್ಟಿ, ಎಷ್ಟು ಒಗೆದರೂ ಜಾಳಾಗುವ ಪೈಕಿ ಅಲ್ಲ. ಹೀಗೆ ಬೆಲೆ ಕಟ್ಟಿದವನು ಇಳಕಲ್ಲಿನ ಸೀರೆ ವ್ಯಾಪಾರಿ ಅಂದಾನಪ್ಪ, ಅಂದರೆ ಇದನ್ನು ಬರೆಯುತ್ತಿರುವವನೇ.

ಮಲಕಪ್ಪ ಹುನಗುಂದದ ಆಚೆ ಮಲಪ್ರಭೆಯಲ್ಲಿ ಹರಗೋಲು ಹಾಕುತ್ತಿದ್ದ. ಇಪ್ಪತ್ತು ವರ್ಷ ಅಂದಾನಪ್ಪನ ಗಂಟುಗಳನ್ನು ಹೊಳೆ ದಾಟಿಸಿದರೂ ಒಂದು ಸೆರಗಿಗೂ ನೀರು ತಾಗಿಸಿರಲಿಲ್ಲ. ಗಂಟುಗಳ ನಡುವೆ ತಾನೂ ಒಂದು ಗಂಟಾಗಿ ಕಣ್ಣು ಮುಚ್ಚಿ ಕೂರುತ್ತಿದ್ದ ಅಂದಾನಪ್ಪನಿಗೆ ಮಾತ್ರ ನೀರೆಂದರೆ ಎದೆ ಡವಡವ. "ಹೆದರಬ್ಯಾಡ್ರಿ ಸಾವಕಾರ್ರ, ಈ ನೀರು ನನಗ ಗೊತ್ತೈತಿ," ಎಂದು ಮಲಕಪ್ಪ ಅಂದ ಮೇಲೆಯೇ ಅವನಿಗೆ ಉಸಿರು ಬರುತ್ತಿತ್ತು.

1976ರಲ್ಲಿ ಶಿವರಾತ್ರಿ ಮುಗಿದು, ಲಗ್ನದ ಸುಗ್ಗಿ ಇನ್ನೂ ಶುರುವಾಗದ ಹದಿನೈದು ದಿನ ಅಂಗಡಿ ತಣ್ಣಗಿತ್ತು. ಅಂದಾನಪ್ಪನ ಹೆಂಡತಿ ಸಿದ್ದವ್ವ ಸಮುದ್ರ ನೋಡಲೇಬೇಕೆಂದು ಹಟ ಹಿಡಿದಳು. ಗಂಡ ನೂರು ನೆಪ ಹೇಳಿದ. ಅವಳು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದಳು:

"ಸಮುದ್ರ ಅಂದ್ರೂ ನೀರ ಅಲ್ಲೇನ್ರಿ? ಮಲಕಪ್ಪನ್ನ ಜೋಡಿ ಕರ್ಕೊಂಡು ಹೋಗೂಣು."

ರಾಜಮಹ್ಮದನ ಬಾಡಿಗೆ ಮೋಟಾರಿನಲ್ಲಿ ಹುಬ್ಬಳ್ಳಿ ದಾಟಿ, ಘಟ್ಟ ಇಳಿದು ಕುಮಟೆಗೆ ಹೋದರು. ಘಟ್ಟದ ತಿರುವುಗಳಲ್ಲಿ ಅಂದಾನಪ್ಪ ಕೊರಳಿನ ಲಿಂಗದ ಕರಡಿಗೆಯನ್ನು ಹಿಡಿದ ಕೈ ಬಿಡಲಿಲ್ಲ. ಕಡಲ ದಂಡೆಯಲ್ಲಿ ನಿಂತಾಗ ಮಲಕಪ್ಪ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ.

"ಆಚಿ ದಂಡಿ ಎಲ್ಲೈತ್ರಿ?"

"ಅರಬಸ್ಥಾನದಾಗ," ಎಂದ ಅಂದಾನಪ್ಪ. ಮಾತು ಚೇಷ್ಟೆಯದು, ಕಾಲು ಮಾತ್ರ ಆಗಲೇ ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದವು.

ಎರಡು ದಿನ ಆರಾಮಾಗಿ ತಿರುಗಿದರು. ಕೆಂಪನೆಯ ಮುರುಗಲು ಪಾನಕ ಕುಡಿದರು, ಕಾಗದದಷ್ಟು ತೆಳ್ಳಗಿನ ತೊಡದೇವು ತಿಂದರು. "ಸಾರಿಗೂ ಕಾಯಿ, ಪಲ್ಯಾಕೂ ಕಾಯಿ. ನಾಳಿ ಚಾದಾಗೂ ಹಾಕ್ತಾರೇನ್ರಿ?" ಎಂದು ಸಿದ್ದವ್ವ ಗೊಣಗಿದಳು. ಮಲಕಪ್ಪ ಮೀನಿನ ಖಾನಾವಳಿ ಬೇರೆ ಹುಡುಕಿಕೊಂಡು, ಬಾಯಿ ಒರೆಸಿಕೊಂಡು ಬರುತ್ತಿದ್ದ.

"ಹೆಂಗಿತ್ತಲೇ?"

"ಛಲೋ ಇತ್ರಿ. ಆದ್ರ ನಮ್ಮ ಹೊಳಿ ಮೀನಿನ ರುಚಿ ಇಲ್ರಿ."

ಮೂರನೆಯ ದಿನ ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆಗೆ ಹೋದರು. "ಹೊಳಿ! ಇದು ನಮ್ಮ ಬಾಬತ್ರಿ," ಎಂದು ಮಲಕಪ್ಪ ಹಿಗ್ಗಿದ. ಹೊಳೆ ಸೊರಗಿ, ನಡುವೆ ದೊಡ್ಡ ಮರಳ ದಿನ್ನೆ ಎದ್ದಿತ್ತು. ಹೆಂಗಸರು ಅಲ್ಲಿ ಕೂತು ಮರಳು ಕೆದಕಿ ಚಿಪ್ಪು ಆರಿಸುತ್ತಿದ್ದರು. ಅವರ ಬುಟ್ಟಿಗಳ ವಾಸನೆಗೆ ಸಿದ್ದವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮೂವರೂ ಕಾಲ್ಗಂಟಿನ ನೀರಿನಲ್ಲಿ ದಾಟಿ ಹೋಗಿ, ದಿನ್ನೆಯ ನಡುವೆ ಜಮಖಾನೆ ಹಾಸಿ, ಊರಿನಿಂದ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿದರು.

ಸ್ವಲ್ಪ ಹೊತ್ತಿನಲ್ಲೇ ಹೆಂಗಸರೆಲ್ಲ ಬುಟ್ಟಿ ಹೊತ್ತು ಎದ್ದರು. ಕೊನೆಯಲ್ಲಿದ್ದ ಮುದುಕಿ ಕೂಗಿ ಹೇಳಿದಳು: "ನೀರು ಏರ್ತದೆ! ಏಳಿ, ಏಳಿ!"

ಅಂದಾನಪ್ಪನ ಕೈಯ ತುತ್ತು ಕೈಯಲ್ಲೇ ನಿಂತಿತು. ಮಲಕಪ್ಪ ನಕ್ಕ. "ಬ್ಯಾಸಿಗ್ಯಾಗ ಹೊಳಿ ಇಳೀತೈತಿ ಹೊರತು ಏರಂಗಿಲ್ರಿ. ಗುಡ್ಡದ ಮ್ಯಾಲ ಮೋಡ ಇಲ್ಲ, ಮಳಿ ಇಲ್ಲ. ಉಣ್ರಿ."

ಉಂಡರು. ಎರಡನೆಯ ರೊಟ್ಟಿ ಮುರಿಯುವಾಗ ಜಮಖಾನೆಯ ಮೂಲೆ ಒದ್ದೆಯಾಗಿತ್ತು.

"ಚರಿಗಿ ಉರುಳಿಸಿದ್ಯೇನ?" ಎಂದು ಅಂದಾನಪ್ಪ ಹೆಂಡತಿಯನ್ನು ಕೇಳಿದ.

"ನಾ ಯಾಕ ಉರುಳಸ್ಲಿ!"

ಅಂದಾನಪ್ಪ ತಲೆ ಎತ್ತಿದ. ದಾಟಿ ಬಂದ ದಾರಿ ಕಾಣಲಿಲ್ಲ. ಅಲ್ಲಿ ಅಗಲವಾದ ಹಸಿರು ನೀರು ಹರಿಯುತ್ತಿತ್ತು. ಅದರ ಮೇಲೆ ಒಂದು ತೆಂಗಿನ ಸಿಪ್ಪೆ ತೇಲುತ್ತಿತ್ತು, ಸಮುದ್ರದಿಂದ ಗುಡ್ಡದ ಕಡೆಗೆ. ಮಲಕಪ್ಪ ಹಿಮ್ಮಡಿಯಿಂದ ಮರಳಿನಲ್ಲಿ ಗೆರೆ ಎಳೆದ. ನಾಲ್ಕು ಉಸಿರಿನೊಳಗೆ ಗೆರೆ ಮುಳುಗಿತು. ಅವನು ಗುಡ್ಡ ನೋಡಿದ, ಸಿಪ್ಪೆ ನೋಡಿದ.

"ಮಲಕಪ್ಪ, ದಾಟ್ಸೋ."

"ಸಾವಕಾರ್ರ, ಈ ನೀರು ನನಗ ಗೊತ್ತಿಲ್ರಿ."

"ಗೊತ್ತೈತಿ ಅನ್ನಲೇ!"

"ಹೆಂಗ ಅನ್ಲಿ? ಹೊಳಿ ಹಿಂದಕ್ಕ ಹರ್ಯಾಕತ್ತೈತಿ. ಹುಟ್ಟಿದಾಗಿಂದ ನಾ ಇಂಥಾದ್ದು ನೋಡಿಲ್ಲ."

ಅಂದಾನಪ್ಪ ಗಾದಿಯ ಮೇಲೆ ಕೂತಷ್ಟು ಕಾಲ ಗಿರಾಕಿಯ ಮುಂದೆ ಗೊತ್ತಿಲ್ಲ ಎಂದವನೇ ಅಲ್ಲ. ಗುರುತು ಸಿಗದ ಬಣ್ಣಕ್ಕೆ ಅಲ್ಲೇ ಒಂದು ಹೆಸರಿಟ್ಟು ಮಾರಿದವನು. ಇಂಥ ಹೊತ್ತಿನಲ್ಲಿ ಈ ಪುಣ್ಯಾತ್ಮನಿಗೆ ಸತ್ಯ ಹೇಳುವ ಚಟ ಎಲ್ಲಿಂದ ಬಂತೆಂದು ಅವನಿಗೆ ಅಳು ಬಂತು. ಸಿದ್ದವ್ವನಿಗೆ ಮೊಣಕಾಲಿನ ಬೇನೆ, ಓಡಲಾರಳು. ನೀರು ಆಗಲೇ ಅವಳ ಮೀನಖಂಡಕ್ಕೆ ಬಂದಿತ್ತು. ಬಂದ ದಾರಿ ಬಿಟ್ಟು ಇನ್ನೊಂದು ಕಡೆ ದಂಡೆ ಬರೀ ಮೂವತ್ತು ಮಾರು ಇದ್ದೀತು. ಅಂದಾನಪ್ಪ ಅವಳ ರಟ್ಟೆ ಹಿಡಿದು ನೇರ ಅತ್ತ ಎಳೆದ.

ಮಲಕಪ್ಪ ಅಡ್ಡ ಬಂದು ಸಾಹುಕಾರನ ಎದೆಗೆ ಕೈ ಕೊಟ್ಟು ನೂಕಿದ. "ಇಲ್ಲಿ ಇಳೀಬ್ಯಾಡ್ರಿ! ಆಳ ನನಗ ಗೊತ್ತಿಲ್ಲ. ಗೊತ್ತಿದ್ದವರನ್ನ ಕೇಳೂಣು." ರುಮಾಲು ಬಿಚ್ಚಿ ಬೀಸುತ್ತ, ಅಂಬಿಗನೆಂಬ ಗರ್ವವನ್ನೆಲ್ಲ ನುಂಗಿ ಕೂಗಿದ: "ಯವ್ವಾ! ನಮಗ ದಾರಿ ತಿಳೀವಲ್ದು! ತೋರಿಸಬೇ!"

ದಂಡೆ ಸೇರಿದ್ದ ಮುದುಕಿ ತಿರುಗಿದಳು. ಬುಟ್ಟಿ ಎತ್ತಿ ಸಮುದ್ರದ ಕಡೆ ತೋರಿಸಿದಳು. "ಅಲ್ಲಿ ಅಲ್ಲ! ಅಲೆ ಬದಿಗೆ ಹೋಗಿ, ಅಲ್ಲೇ ಮರಳು ಎತ್ತರ!"

ಸಾವಿನಿಂದ ತಪ್ಪಿಸಿಕೊಳ್ಳಲು ಸಾವಿನ ಬಾಯಿಗೇ ನಡೆ ಎಂದಂತಾಯಿತು. ಮಲಕಪ್ಪ ಸಿದ್ದವ್ವನನ್ನು ಬೆನ್ನ ಮೇಲೆ ಹೊತ್ತ. "ಅವ್ವಾರ, ಕುತ್ತಿಗಿ ಹಿಡ್ಕೋರಿ. ಜೀವ ಹೋಗೂವಂಗ ಹಿಡೀಬ್ಯಾಡ್ರಿ." ರುಮಾಲಿನ ತುದಿಯನ್ನು ಅಂದಾನಪ್ಪನ ಕೈಗೆ ಸುತ್ತಿದ. ಮುದುಕಿ ದಂಡೆಗುಂಟ ನಡೆಯುತ್ತ ಬುಟ್ಟಿಯನ್ನು ಎಡಕ್ಕೆ, ಬಲಕ್ಕೆ ತೋರಿಸಿದಳು. ಮಲಕಪ್ಪ ಅವಳ ಬುಟ್ಟಿ ಹೇಳಿದ ಕಡೆಗೇ ಹೆಜ್ಜೆ ಇಟ್ಟ. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಒಂದು ಅಲೆ ಅಂದಾನಪ್ಪನ ಬಾಯಿಗೆ ಉಪ್ಪು ತುಂಬಿ ಹೋಯಿತು. ಮುಂದಿದ್ದ ಮಲಕಪ್ಪನ ಕಾಲು ನಡುಗುವುದು ರುಮಾಲಿನಗುಂಟ ಇವನ ಕೈಗೆ ತಿಳಿಯುತ್ತಿತ್ತು. ನಡುಗುತ್ತಲೇ ನಡೆದ. ನೀರು ಮತ್ತೆ ಸೊಂಟಕ್ಕಿಳಿಯಿತು, ಮೊಣಕಾಲಿಗಿಳಿಯಿತು. ದಂಡೆಯ ಮೇಲೆ ಸಿದ್ದವ್ವನನ್ನು ಇಳಿಸಿ ಮಲಕಪ್ಪ ಕಕ್ಕಿಕೊಂಡ.

ಮುದುಕಿ ದೋಣಿಯ ಉದ್ದನೆಯ ಗಳವೊಂದನ್ನು ಎಳೆದು ತಂದು, ಅಂದಾನಪ್ಪ ನೇರ ದಾಟಹೊರಟಿದ್ದ ಕಡೆ ದಂಡೆಯಿಂದಲೇ ನೀರಿಗೆ ಇಳಿಬಿಟ್ಟಳು. ಗಳ ಪೂರಾ ಹೋಯಿತು, ಅವಳ ಮೊಣಕೈಯೂ ಒದ್ದೆಯಾಯಿತು. "ಉಬ್ಬರದಲ್ಲಿ ಇಲ್ಲಿ ಇಳಿದಿದ್ರೆ ಮುಗೀತಿತ್ತು, ಮಾರಾಯಾ," ಎಂದು ಬುಟ್ಟಿ ಎತ್ತಿಕೊಂಡು ಹೋದಳು. ಸಿದ್ದವ್ವ ಮೂಗು ಮುಚ್ಚಿಕೊಳ್ಳದೆ ಅವಳಿಗೆ ಕೈ ಮುಗಿದಳು.

ಊರಿಗೆ ಬಂದ ಮೇಲೆ ಅಂದಾನಪ್ಪ ಅಂಗಡಿಯಲ್ಲಿ ಈ ಕಥೆಯನ್ನು ಹೇಳಿದ, ಮಗ್ಗುಲು ತಿರುಗಿಸಿ ಹೇಳಿದ: ಅಂಬಿಗ ನೀರು ಕಂಡು ನಡುಗಿದನೆಂದೂ, ಅವನನ್ನು ತಾನೇ ಕೈ ಹಿಡಿದು ತಂದನೆಂದೂ. ಗಿರಾಕಿಗಳು ನಕ್ಕರು. ಸಿದ್ದವ್ವ ಎಂಟು ದಿನ ಗಂಡನೊಡನೆ ಮಾತು ಬಿಟ್ಟಳು. ಕಥೆ ಹೊಳೆಯ ತನಕ ಹೋಯಿತು, ಹರಗೋಲು ಹತ್ತಿದವರು ಕೇಳತೊಡಗಿದರು.

"ಏನೋ ಮಲಕಪ್ಪ, ಸಮುದ್ರ ಕಂಡು ಧೋತರದಾಗ ಮಾಡ್ಕೊಂಡ್ಯಂತ?"

"ಹೆದರಿದ್ದು ಖರೇನ ಐತ್ರಿ," ಎಂದಷ್ಟೇ ಹೇಳಿ ಅವನು ಹುಟ್ಟು ಹಾಕುತ್ತಿದ್ದ. ಉಳಿದದ್ದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ.

ಸಿದ್ದವ್ವ ಬದುಕಿರುವುದು ಮಲಕಪ್ಪನಿಂದ. ಅಂಗಡಿಯಲ್ಲಿ ಹೇಳಿದ್ದು ಸುಳ್ಳು. ಅಂದಾನಪ್ಪ ಅವನಿಗೆ ಹೆಂಡತಿಯ ಜೀವದ ಋಣಿ. ನಾಲ್ಕು ಜನರ ಮುಂದೆ ತಪ್ಪಾಯಿತು ಎಂಬ ಒಂದು ಮಾತನ್ನೂ ಅವನಿಗೆ ಇನ್ನೂ ಕೊಡಬೇಕಾಗಿದೆ.