ಅಜ್ಜಿ ಹೇಳದ ಹೆಸರು

ಇಂದಿರಾನಗರದ ಅಡ್ಡರಸ್ತೆಯೊಂದರಲ್ಲಿ, ಕಚೇರಿಗಳಾಗಿ ಬದಲಾದ ಬಂಗಲೆಗಳ ನಡುವೆ, ಇನ್ನೂ ಒಂದು ಇಸ್ತ್ರಿ ಗಾಡಿ ಉಳಿದಿದೆ. ನೀರು ಚಿಮುಕಿಸಿದ ಹತ್ತಿಬಟ್ಟೆಯ ಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆ ಎಳೆದಾಗ ಏಳುವ ವಾಸನೆ, ಅರ್ಧ ಹಬೆ, ಅರ್ಧ ಸುಟ್ಟ ಗಂಜಿ, ಮೊನ್ನೆ ಕೆಲಸಕ್ಕೆ ಹೊರಟಿದ್ದ ನನ್ನನ್ನು ತಡೆದು ನಿಲ್ಲಿಸಿತು. ಹಲಸೂರು ಕೆರೆಯ ಹಿಂದಿನ ವಠಾರದಲ್ಲಿ ನಮ್ಮ ಮನೆಗೂ ಟೈಲರ್ ಯಾಕೂಬ್ ಸಾಬರ ಮನೆಗೂ ಒಂದೇ ಗೋಡೆ. ಅವರು ಹೊಲಿದ ಷರಟುಗಳಿಗೆ ಇಸ್ತ್ರಿ ಹಾಕುವಾಗ ಇದೇ ವಾಸನೆ ಗೋಡೆ ದಾಟಿ ನಮ್ಮ ಕಡೆಗೆ ಇಳಿಯುತ್ತಿತ್ತು. ಆ ಗೋಡೆ ಸೂರಿನವರೆಗೆ ಮುಟ್ಟಿರಲಿಲ್ಲ ಎಂದು ನನ್ನ ನೆನಪು. ಅಲ್ಲೀಗ ನಾಲ್ಕು ಅಂತಸ್ತಿನ ಬಾಡಿಗೆ ಕೋಣೆಗಳು. ಹೋಗಿ ನೋಡಿ ಬರುವಂತಿಲ್ಲ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ನೀವೂ ಸ್ವಲ್ಪ ಎಚ್ಚರದಿಂದಲೇ ಓದಿ.

ಚರ್ಚಿನಲ್ಲಿ ಜ್ಞಾನಸ್ನಾನ ಮಾಡಿಸಿದಾಗ ನನಗೆ ಇಟ್ಟದ್ದು ತಾತನ ಹೆಸರು, ಯಾಗಪ್ಪ. ತಾತ ಮಿಲಿಟರಿ ಬಂಗಲೆಯೊಂದರಲ್ಲಿ ಮಾಲಿಯಾಗಿದ್ದ. ಅಲ್ಲಿನವರಿಗೆ ಅವನು ಜೇಕಬ್. ಯಾಕೂಬ್ ಸಾಬರು ಅವನನ್ನು ಯಾಕೂಬ್ ಭಾಯಿ ಎಂದು ಕರೆದು, ತಮ್ಮ ಹೆಸರನ್ನೇ ನೆರೆಯವನಿಗೂ ಕೊಟ್ಟೆನೆಂದು ಖುಷಿಪಡುತ್ತಿದ್ದರು. ಇವೆಲ್ಲ ಒಂದೇ ಹೆಸರೆಂದು ವಠಾರದಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು ನಡೆದು ಬಂದ ದಾರಿ ಮಾತ್ರ ನನಗೆ ತಿಳಿದದ್ದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. ಹೀಬ್ರೂವಿನ ಯಾಕೋವ್ ಅರಬ್ಬಿಯಲ್ಲಿ ಯಾಕೂಬ್ ಆಯಿತು. ಗ್ರೀಕ್, ಲ್ಯಾಟಿನ್ ದಾಟಿ ಇಂಗ್ಲಿಷಿಗೆ ಬಂದು ಜೇಕಬ್, ಜೇಮ್ಸ್ ಎಂದು ಎರಡಾಯಿತು. ಪೋರ್ಚುಗೀಸರ ಬಾಯಲ್ಲಿ ಇಯಾಗೋ ಆಗಿ ಹಡಗು ಹತ್ತಿ ಬಂದು, ನಮ್ಮವರ 'ಅಪ್ಪ'ನನ್ನು ಸೇರಿಸಿಕೊಂಡು ಯಾಗಪ್ಪನಾಯಿತು. ಬೈಬಲಿನಲ್ಲಿ ಅವಳಿ ಅಣ್ಣನ ಹಿಮ್ಮಡಿ ಹಿಡಿದುಕೊಂಡು ಹುಟ್ಟಿದವನಿಗೆ ಇಟ್ಟ ಹೆಸರಂತೆ ಅದು. ಶಾಲೆಯಲ್ಲಿ ನನ್ನನ್ನು ಜೇಕಬ್ ಎಂದು ಬರೆಸಿದರು. ಕಚೇರಿಯಲ್ಲಿ ಈಗಲೂ ಅದೇ.

ಅಜ್ಜಿಗೆ ಈ ದಾರಿಗಳೆಲ್ಲ ಬೇಕಿರಲಿಲ್ಲ. ಗಂಡನ ಹೆಸರನ್ನು ಹೆಂಡತಿ ಹೇಳಬಾರದು, ಅಷ್ಟೆ. ಆದರೆ ಅದೇ ಹೆಸರಿನ ಮೊಮ್ಮಗನನ್ನು ದಿನಕ್ಕೆ ಇಪ್ಪತ್ತು ಸಲ ಕರೆಯಬೇಕಲ್ಲ. ಹಾಗಾಗಿ ಗೋಡೆಯಾಚೆಯಿಂದ ಎರವಲು ತಂದಳು.

"ಲೋ ಯಾಕೂಬೂ, ಊಟಕ್ಕೆ ಬಾರೋ!" ಎಂದರೆ ಆ ಕಡೆ ಹೊಲಿಗೆ ಮೆಷಿನ್ನು ನಿಲ್ಲುತ್ತಿತ್ತು.

"ಬಂದೆ ಅಮ್ಮಾ, ಏನು ಸಾರು?" ಯಾಕೂಬ್ ಸಾಬರ ದನಿ.

"ನಿಮ್ಮನ್ನಲ್ಲ ಸಾಬ್ರೇ, ನಮ್ಮ ಕೋತೀನ!"

ಅವರ ಮಗಳು ಶಮೀಮಕ್ಕ, ನನಗಿಂತ ಆರೇಳು ವರ್ಷ ದೊಡ್ಡವಳು, ಸುಮ್ಮನೆ ಬಿಡುತ್ತಿರಲಿಲ್ಲ. "ಅಜ್ಜಿ, ಯಾಕೂಬ್ ಅಂದ್ರೂ ತಾತನ ಹೆಸರೇ ಅಲ್ವಾ?"

"ಉರ್ದೂನಲ್ಲಿ ಹೇಳಿದ್ರೆ ದೋಷ ಇಲ್ಲ, ಹೋಗೇ."

ಮನೆಯ ಹೊರಗೆ ಆ ಹೆಸರು ಹೇಳುವುದು ನನ್ನ ಕೆಲಸವಾಗಿತ್ತು. ಚರ್ಚು, ಆಸ್ಪತ್ರೆ, ರೇಷನ್ ಕಚೇರಿ, ಎಲ್ಲಿಗೆ ಹೋದರೂ ಅಜ್ಜಿ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಗುಮಾಸ್ತರು ಗಂಡನ ಹೆಸರೇನಮ್ಮ ಎಂದು ಕೇಳಿದರೆ ನನ್ನನ್ನು ಮುಂದೆ ತಳ್ಳುವಳು. ನಾನು ಗಟ್ಟಿಯಾಗಿ ಯಾಗಪ್ಪ ಎನ್ನುವೆ. ರೇಷನ್ ಕಚೇರಿಯಲ್ಲಿ ಒಮ್ಮೆ ಹುಡುಗನ ಹೆಸರು ಎಂದು ಕೇಳಿದಾಗಲೂ ಯಾಗಪ್ಪ ಎಂದೆ. "ನಿಮ್ಮನೇಲಿ ಹೆಸರಿಗೂ ರೇಷನ್ನಾ?" ಎಂದು ಅವರು ನಕ್ಕದ್ದು, ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕದ್ದು ಇನ್ನೂ ಕಣ್ಣ ಮುಂದಿದೆ. ಅವಳ ಪರವಾಗಿ ಆ ಹೆಸರು ಹೇಳಬಲ್ಲವನು ನಾನೊಬ್ಬನೇ ಎಂಬ ಜಂಬ ನನಗೆ.

ತಾತ ತೀರಿಕೊಂಡದ್ದು ಒಂದು ಮಧ್ಯಾಹ್ನ. ನನಗೆ ಒಂಬತ್ತು ವರ್ಷ. ಅಪ್ಪ ಅಮ್ಮ ಕೆ.ಆರ್. ಪುರದ ಕಡೆ ಕಾರ್ಖಾನೆಯ ಕೆಲಸಕ್ಕೆ ಹೋಗಿದ್ದರು. ಚಾಪೆಯ ಮೇಲೆ ಮಲಗಿದ್ದ ತಾತನ ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ಕಣ್ಣು ತೆರೆದೇ ಇತ್ತು, ನಮ್ಮನ್ನು ನೋಡುತ್ತಿರಲಿಲ್ಲ. ಅಜ್ಜಿ ನನ್ನ ತೋಳು ಹಿಡಿದಳು. "ಕೂಗೋ. ಹೆಸರು ಹಿಡಿದು ಕೂಗು, ತಿರುಗಿ ನೋಡ್ತಾರೆ." ಇಷ್ಟು ನಿಜ. ಮುಂದಿನದನ್ನು ಮೂವತ್ತು ವರ್ಷ ನಾನು ಹೀಗೆ ಇಟ್ಟುಕೊಂಡು ಬಂದಿದ್ದೆ: ತಾತನ ಕಿವಿಯ ಬಳಿ ಬಾಗಿ ಯಾಗಪ್ಪಾ ಎಂದು ಕೂಗಿದೆ, ತಾತ ಕಣ್ಣು ತಿರುಗಿಸಿ ಅಜ್ಜಿಯನ್ನು ನೋಡಿದ. ಅಜ್ಜಿ, ಅಪ್ಪ, ಅಮ್ಮ ಎಲ್ಲರೂ ತೀರಿಕೊಂಡ ಮೇಲೆ, ಮಾತಾಡುವವರಿಲ್ಲದ ಮನೆಯಲ್ಲಿ, ನನಗೆ ಇದೊಂದೇ ಆಸರೆ. ಒಬ್ಬರ ಕೊನೆಯ ಗಳಿಗೆಯಲ್ಲಾದರೂ ನಾನು ಉಪಯೋಗಕ್ಕೆ ಬಂದಿದ್ದೆ. ಆದರೆ ಆ ದೃಶ್ಯದಲ್ಲಿ ನನಗೆ ಯಾವಾಗಲೂ ಬಾಗಿದ ನನ್ನ ಬೆನ್ನು ಕಾಣುತ್ತದೆ. ತನ್ನ ಬೆನ್ನನ್ನು ತಾನೇ ಯಾರು ನೋಡಿರುತ್ತಾರೆ?

ಆ ಅನುಮಾನ ಹಳೆಯದು. ಇಸ್ತ್ರಿಯ ವಾಸನೆ ಅದನ್ನು ಮತ್ತೆ ಕೆದಕಿತು. ಆ ದಿನ ಅಲ್ಲಿದ್ದವರಲ್ಲಿ ಈಗ ಬದುಕಿರುವುದು ನಾನು ಮತ್ತು ಶಮೀಮಕ್ಕ. ಭಾನುವಾರ ಫ್ರೇಜರ್ ಟೌನಿನ ಅವಳ ಮನೆಗೆ ಹೋದೆ. ಚಹಾ ಕೊಟ್ಟಳು, ಇಷ್ಟು ದಿನ ಮುಖ ತೋರಿಸಲಿಲ್ಲವೆಂದು ಬೈದಳು, ಮದುವೆಯಾಗಲಿಲ್ಲವೆಂದು ಇನ್ನೊಂದು ಸಲ ಬೈದಳು. ಲೋಟ ಖಾಲಿಯಾದ ಮೇಲೆ, ತಾತ ಹೋದ ದಿನ ನಾನು ಹೆಸರು ಹಿಡಿದು ಕೂಗಿದ್ದು ನೆನಪಿದೆಯಾ ಎಂದು ಕೇಳಿದೆ.

"ನೀನು ಕೂಗಿದ್ಯಾ?" ಎಂದು ನಕ್ಕವಳು ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಇಲ್ಲ ಕಣೋ. ನೀನು ನಮ್ಮನೆಗೆ ಓಡಿ ಬಂದು ನಮ್ಮ ಅಬ್ಬಾ ಬಟ್ಟೆ ಕತ್ತರಿಸೋ ಮೇಜಿನ ಕೆಳಗೆ ಕೂತ್ಬಿಟ್ಟೆ. ಎಷ್ಟು ಎಳೆದ್ರೂ ಬರ್ಲಿಲ್ಲ. ಎರಡೂ ಕಿವಿ ಮುಚ್ಕೊಂಡಿದ್ದೆ."

"ಮತ್ತೆ ಕೂಗಿದ್ದು ಯಾರು?"

"ಅಜ್ಜೀನೇ. ಮೂರು ಸಲ. ನಾವೆಲ್ಲ ಈ ಕಡೆ ಹಾಗೇ ನಿಂತ್ಬಿಟ್ವಿ. ಅಬ್ಬಾ ಮೆಷಿನ್ ಮೇಲೆ ತಲೆ ಇಟ್ಟು ಅತ್ಬಿಟ್ರು."

"ತಾತ ತಿರುಗಿ ನೋಡಿದ್ನಾ?"

"ಮಧ್ಯೆ ಗೋಡೆ ಇತ್ತಲ್ಲೋ. ನನಗೇನು ಗೊತ್ತು?" ಆಮೇಲೆ ನನ್ನ ಮಂಡಿಯ ಮೇಲೆ ಕೈಯಿಟ್ಟಳು. "ಚಿಕ್ಕವನು ನೀನು. ಬಿಡು."

ಆಟೋದಲ್ಲಿ ಮನೆಗೆ ಬರುವಾಗ ಒಂದು ಸಂಗತಿ ಹೊಳೆಯಿತು. ತಾತನನ್ನು ಮಣ್ಣು ಮಾಡಿದ ಮೇಲೆ ಅಜ್ಜಿ ನನ್ನನ್ನು ಯಾಕೂಬ್ ಎನ್ನುವುದನ್ನು ಬಿಟ್ಟಿದ್ದಳು. ಯಾಗಪ್ಪ ಎಂದೇ ಕರೆಯುತ್ತಿದ್ದಳು. ಗಂಡ ಹೋದವಳಿಗೆ ಆ ಕಟ್ಟು ಇರುವುದಿಲ್ಲವೇನೋ ಎಂದು ನಾನೇ ಒಂದು ವಿವರಣೆ ಕೊಟ್ಟುಕೊಂಡು ಸುಮ್ಮನಾಗಿದ್ದೆ. ಆ ಹೆಸರು ಅವಳ ನಾಲಿಗೆಗೆ ಹೇಗೆ ಬಂತೆಂದು ಯೋಚಿಸಲಿಲ್ಲ. ನಾನು ಮೇಜಿನ ಕೆಳಗೆ ಕೂತದ್ದರಿಂದ ಬಂತು. ನಾನು ಕಾಲೇಜಿಗೆ ಓದಿಕೊಳ್ಳುತ್ತಿದ್ದ ದಿನಗಳಲ್ಲಿ ಅವಳು ಸಂಜೆ ಹೊಸ್ತಿಲ ಮೇಲೆ ಕೂತು, ಬೀದಿಯ ಕಡೆ ಮುಖ ಮಾಡಿ, ಯಾಗಪ್ಪಾ ಎಂದು ಕೂಗುತ್ತಿದ್ದಳು. "ಏನಜ್ಜಿ, ಇಲ್ಲೇ ಒಳಗಡೆ ಇದ್ದೀನಲ್ಲ!" ಎಂದು ನಾನು ಸಿಡುಕುತ್ತಿದ್ದೆ. "ಏನಿಲ್ಲಪ್ಪ, ನೀನು ಓದ್ಕೋ" ಎನ್ನುತ್ತಿದ್ದಳು. ಆ ಕೂಗುಗಳಲ್ಲಿ ಎಷ್ಟು ನನ್ನವು, ಎಷ್ಟು ತಾತನವು, ಈಗ ತಿಳಿಯುವ ದಾರಿಯಿಲ್ಲ. ಎಲ್ಲಕ್ಕೂ ನಾನೇ ಓಗೊಟ್ಟುಬಿಟ್ಟೆ.