ಛತ್ರದ ಅಯ್ನೋರ ಫೋಟೊ

ಬೀಗದ ಕೈ ಗೊಂಚಲಿನ ಭಾರಕ್ಕೆ ಅವರ ಪಂಚೆ ಯಾವಾಗಲೂ ಎಡಗಡೆ ಜಾರಿರುತ್ತಿತ್ತು. ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ವಿಭೂತಿ ಅಳಿಸದಂತೆ ಇನ್ನೊಂದು ಕೈಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಜಗುಲಿಯ ಮೇಲೆ ನಿಂತಿರುತ್ತಿದ್ದರು, ನಂಜನಗೂಡಿನ ನಮ್ಮ ಛತ್ರ ನೋಡಿಕೊಳ್ಳುತ್ತಿದ್ದ ಅಯ್ನೋರು. ನಾನು ತಿ. ನರಸೀಪುರದಿಂದ ವರ್ಗವಾಗಿ ಬಂದಾಗ ಬಾಡಿಗೆ ಮನೆ ಸಿಗುವವರೆಗೂ ಅಲ್ಲೇ ಇದ್ದೆ. "ಉಂಡ್ರಾ ಸಾ?" ಎಂದು ಕೇಳದೆ ಅವರು ಒಂದು ದಿನವೂ ಮಲಗಿದವರಲ್ಲ.

ರೇಗುವುದೂ ಇತ್ತು. ಕೂಸಿನ ಮುಡಿ ತೆಗೆಸಲು ಬಂದವರು ಕೊಠಡಿಯೊಳಗೇ ಒಲೆ ಹಚ್ಚಿದರೆ, "ಇದೇನು ನಿಮ್ಮತ್ತೆ ಮನೇನಾ?" ಎಂದು ಗದರಿ, ಆಮೇಲೆ ತಾವೇ ಹಿತ್ತಲಲ್ಲಿ ಕಲ್ಲು ಹೂಡಿಕೊಡುತ್ತಿದ್ದರು.

ಯಾರೋ ಕಳ್ಳರು ಛತ್ರದ ವೆಬ್‌ಸೈಟಿನಂಥದ್ದೇ ಇನ್ನೊಂದನ್ನು ಮಾಡಿದರು. ನೋಡಿದರೆ ಅದೇ ಅನ್ನಿಸುವ ವಿಳಾಸ, ಅದೇ ಬಣ್ಣ, ಮೊದಲ ಪುಟದಲ್ಲಿ ಅದೇ ಫೋಟೊ: ಜಗುಲಿಯ ಮೇಲೆ ನಗುತ್ತಾ ನಿಂತ ಅಯ್ನೋರು. ಅಲ್ಲಿ ದುಡ್ಡು ಕಟ್ಟಿ ಬಂದವರಿಗೆ ಇಲ್ಲಿ ಕೊಠಡಿಯೇ ಇರುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ, "ಪೊಲೀಸರ ಹತ್ತಿರ ಹೋಗಿ" ಎಂದು ಕೈತೊಳೆದುಕೊಳ್ಳುತ್ತಿದ್ದರು. ಇವರು ಜಗುಲಿಯಲ್ಲಿ ಚಾಪೆ ಹಾಸಿದರು. ಜಗುಲಿ ತುಂಬಿದಾಗ ತಮ್ಮ ಕೋಣೆಯನ್ನೇ ಬಿಟ್ಟುಕೊಟ್ಟರು.

"ಕಂಪ್ಲೇಂಟ್ ಕೊಟ್ಟು ಸುಮ್ಮನಿರಿ ಅಯ್ನೋರೇ," ಎಂದೆ.

"ಕೊಟ್ಟಿವ್ನಿ ಸಾ. ಆದ್ರೆ ನನ್ ಮಕ ನೋಡಿ ನಂಬ್ಕೊಂಡು ಬಂದವ್ರೆ. ಮಗೀನ್ ಎತ್ಕೊಂಡ್ ಬಂದವ್ರ್ನ ಬೀದೀಲಿ ಮಲಗ್ಸಕಾಯ್ತದಾ?"

ಅದೇ ಅವರಿಗೆ ಮುಳುವಾಯಿತು. ಛತ್ರ ನಡೆಸುವ ಟ್ರಸ್ಟಿನ ದೊಡ್ಡ ಮನುಷ್ಯರು ಅವರನ್ನು ಕರೆಸಿ ನಿಲ್ಲಿಸಿಕೊಂಡು ಕೇಳಿದ್ದು ಒಂದೇ: "ಕಳ್ಳರ ಜೊತೆ ಪಾಲಿಲ್ಲದಿದ್ರೆ, ಅವರು ಕಳಿಸಿದವರ ಮೇಲೆ ನಿಮಗೆ ಇಷ್ಟೊಂದು ಕಾಳಜಿ ಯಾಕ್ರೀ?" ಕರುಣೆಗೂ ಕಮಿಷನ್ ಇರುತ್ತದೆಂದು ಲೆಕ್ಕ ಹಾಕುವ ಜನ. ಅಯ್ನೋರು ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟು ಹೊರಬಂದರು.

ಹೆಡತಲೆ ಎಂಬ ಹಳ್ಳಿಯ ತಂಗಿಯ ಮನೆಯಲ್ಲಿದ್ದ ಅವರನ್ನು ನೋಡಲು ಹೋದಾಗ, ಮಾತಿನ ನಡುವೆ ಅವರ ಕೈ ಸುಮ್ಮಸುಮ್ಮನೆ ಸೊಂಟ ಮುಟ್ಟಿಕೊಳ್ಳುತ್ತಿತ್ತು. "ನೀವಾದ್ರೂ ನಂಬ್ತೀರಾ ಸಾ?" ಎಂದರು. ನಂಬುತ್ತೇನೆ ಎಂದೆ. ಊರೇ ನಂಬದ ಮೇಲೆ ನನ್ನೊಬ್ಬನ ಮಾತು ಅವರಿಗೆ ಯಾವ ಮೂಲೆಗೆ ಸಾಕು? ಆ ಕಳಂಕ ಹೊತ್ತುಕೊಂಡೇ ಹೋದರು. ಮಣ್ಣಿಗೆ ಟ್ರಸ್ಟಿನ ಒಬ್ಬರೂ ಬರಲಿಲ್ಲ.

ಮೊನ್ನೆ ಫೋನಿನಲ್ಲಿ ಹುಡುಕಿದೆ. ಛತ್ರದ ಅಸಲಿ ಪುಟದಿಂದ ಅವರ ಫೋಟೊ ತೆಗೆದುಹಾಕಿದ್ದಾರೆ. ಅಯ್ನೋರು ಕೊಟ್ಟಿದ್ದ ದೂರಿನಿಂದ ಮುಚ್ಚಿಹೋಗಿದ್ದ ಕಳ್ಳರ ಪುಟ ಬೇರೆ ವಿಳಾಸದಲ್ಲಿ ಮತ್ತೆ ತೆರೆದಿದೆ. ಅಲ್ಲಿ ಮಾತ್ರ ಅಯ್ನೋರು ಇನ್ನೂ ಇದ್ದಾರೆ. ಜಾರುವ ಪಂಚೆ ಎತ್ತಿ ಹಿಡಿದು, ನಗುತ್ತಾ, ಬಂದವರನ್ನು ಒಳಗೆ ಕರೆಯುತ್ತಿದ್ದಾರೆ.