ಮೊವರ್ ಜೊತೆ ಹೋದ ತಟ್ಟೆ

ಜನ ಬಿಸಾಕಿದ, ಹುಲ್ಲು ಕತ್ತರಿಸುವ ಲಾನ್ ಮೊವರ್‌ಗಳನ್ನು ಗರಾಜಿನಲ್ಲಿ ರಿಪೇರಿ ಮಾಡಿ ಮಾರುವ ಹುಚ್ಚು ನನಗೆ ಹತ್ತಿದ್ದು ತೊಂಬತ್ತರ ದಶಕದಲ್ಲಿ, ಅಮೆರಿಕದ ಕ್ಯಾರಿ ಊರಿನಲ್ಲಿದ್ದಾಗ. ಒಂದು ಶನಿವಾರ ಪೇಪರಿನ ಜಾಹೀರಾತು ನೋಡಿ ಅಮೆರಿಕನ್ ಅಜ್ಜ ಒಬ್ಬರು ಬಂದರು. ಹಗ್ಗ ಎಳೆದೆ, ಒಂದೇ ಎಳೆತಕ್ಕೆ ಮೊವರ್ ಗುರ್ರ್ ಅಂತು! ನನಗೋ ಕುಣಿಯೋ ಹಾಗಾಯ್ತು. ಅಜ್ಜನ ಕಣ್ಣು ಮಾತ್ರ ಮೇಜಿನ ಮೇಲಿದ್ದ ತಟ್ಟೆಯ ಮೇಲೆ. ಗುಳಿಗೊಂದು ಬೋಲ್ಟು, ಗುಳಿಯ ತೂತುಗಳಿಂದ ತೊಟ್ಟಿಕ್ಕುವ ಎಣ್ಣೆ.

“ಎಂಥಾ ಟೂಲ್ ಟ್ರೇ! ಎಲ್ಲಿ ಸಿಗುತ್ತೆ?” ಅಂತ ಅದನ್ನು ಎತ್ತಿ ಹಿಡಿದರು.

ಅಷ್ಟರಲ್ಲಿ ಪಕ್ಕದ ಬೀದಿಯ ವಿಮಲಾ ಆಂಟಿ ಒಂದು ಪೊಟ್ಟಣ ಹಿಡಿದು ಗರಾಜಿಗೇ ಬಂದರು. ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಕ್ಕೆ ಅಂತ ಆಂಟಿ ನನ್ನ ಇಡ್ಲಿ ಸ್ಟ್ಯಾಂಡ್ ಒಯ್ದು ಒಂದು ತಟ್ಟೆ ಕಳೆದುಬಿಟ್ಟರು ಅಂತ ನಾನು ಊರಿಗೆಲ್ಲ ಸಾರಿದ್ದೆ. ಪಾಪ, ಮೈಸೂರಿಂದ ಹೊಸದು ತರಿಸಿದ್ದರು.

ಆಂಟಿ ಅಜ್ಜನ ಕೈಯಲ್ಲಿದ್ದ ತಟ್ಟೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಬೋಲ್ಟು ಒಣಗಿಸೋಕೆ ಅದನ್ನು ನಾನೇ ಎತ್ತಿಕೊಂಡು ಬಂದಿದ್ದು ನೆನಪಾಗಿದ್ದೇ ಆಗ. ನಾಚಿಕೆಗಿಂತ ಮೊದಲು ನಗು ಬಂತು, ತಡೆಯೋಕೇ ಆಗಲಿಲ್ಲ.

“ಅದು ತುಂಬಾ ಸ್ಪೆಷಲ್ ಟೂಲ್. ಇವಳು ಎರಡು ತಿಂಗಳಿಂದ ಹುಡುಕ್ತಿದ್ದಾಳೆ,” ಅಂತ ಆಂಟಿ ಅಜ್ಜನಿಗೆ ಇಂಗ್ಲಿಷಿನಲ್ಲಿ ಹೇಳಿ, ಪೊಟ್ಟಣ ಬಿಚ್ಚಿ ಹೊಸ ತಟ್ಟೆಯನ್ನು ಅವರಿಗೇ ಕೊಟ್ಟುಬಿಟ್ಟರು. ಅಜ್ಜ ಮೊವರ್ ಕೊಂಡು, ಅದರ ಜೊತೆ ತಟ್ಟೆಯನ್ನೂ ಒಯ್ದರು.

ನನ್ನ ತಟ್ಟೆಯನ್ನು ಮೂರು ಸಲ ತಿಕ್ಕಿ ತೊಳೆದೆ. ಆದರೂ ಆಂಟಿ ಇವತ್ತಿಗೂ ನಮ್ಮನೆಗೆ ಬಂದರೆ ಉಪ್ಪಿಟ್ಟೇ ಸಾಕು ಅಂತಾರೆ.